ಸೆರೆಮನೆಯಿಂದ ನಡುಮನೆಗೆ

ಮನೆಯಲ್ಲಿ ಟ್ರೆಡ್‌ಮಿಲ್ ಇದ್ದೂ ಅದನ್ನು ಹತ್ತದವರನ್ನು ಕೇಳಿ ನೋಡಿ, ಬಹುಪಾಲು ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. 'ನಂದೇ ಸೋಮಾರಿತನ' ಎನ್ನುತ್ತಾರೆ ಕೆಲವರು. 'ಮೋಟಿವೇಷನ್ ಸಾಲದು' ಎನ್ನುತ್ತಾರೆ ಇನ್ನು ಕೆಲವರು. ಮಾತು ಬೇರೆಯಾದರೂ ನಂಬಿಕೆ ಒಂದೇ: ಯಂತ್ರ ಸರಿಯಾಗಿದೆ, ಮನೆ ಸರಿಯಾಗಿದೆ, ಕೆಟ್ಟಿರುವುದು ಮನಸ್ಸೊಂದೇ. ಹಾಗಾಗಿ ಮದ್ದನ್ನೂ ಮನಸ್ಸಿಗೇ ಹುಡುಕುತ್ತೇವೆ. ಸ್ಫೂರ್ತಿ ತುಂಬುವ ವಿಡಿಯೊ ನೋಡುತ್ತೇವೆ, ಹೊಸ ವರ್ಷಕ್ಕೆ ಸಂಕಲ್ಪ ಮಾಡುತ್ತೇವೆ, ಹೊಸ ಶೂ ಕೊಳ್ಳುತ್ತೇವೆ. ಕೆಲವೇ ವಾರಗಳಲ್ಲಿ ಎಲ್ಲವೂ ಯಥಾಸ್ಥಿತಿ.

ಈ ರೋಗನಿರ್ಣಯವೇ ತಪ್ಪು ಎಂಬುದು ನನ್ನ ವಾದ. ಹುಮ್ಮಸ್ಸು ಮೊದಲು ಬರಲಿ, ಆಮೇಲೆ ಹತ್ತೋಣ ಎಂದು ಕಾದವರಿಗೆ ಅದು ಬರುವುದೇ ಇಲ್ಲ. ಯಂತ್ರವನ್ನು ಎಲ್ಲಿಟ್ಟಿದ್ದೇವೆ, ಯಾವ ಹೊತ್ತನ್ನು ಅದಕ್ಕೆ ಬಿಟ್ಟುಕೊಟ್ಟಿದ್ದೇವೆ, ಮನೆಯ ಉಳಿದವರು ಆ ಹೊತ್ತನ್ನು ಹೇಗೆ ಕಾಣುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಇದು ಮನಸ್ಸಿಗೆ ಹತ್ತಬೇಕಾದರೆ ಟ್ರೆಡ್‌ಮಿಲ್ಲಿನ ಹುಟ್ಟಿನ ಕಥೆಯಿಂದ ಶುರುಮಾಡುವುದು ಒಳ್ಳೆಯದು. ಏಕೆಂದರೆ ಅದು ಬಳಕೆಗೆ ಬಂದದ್ದು ಮನುಷ್ಯರನ್ನು ದಂಡಿಸುವುದಕ್ಕೆ.

ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರ ಸುಮಾರಿಗೆ ರೂಪಿಸಿದ್ದು ಈಗಿನಂಥ ಚಪ್ಪಟೆ ಬೆಲ್ಟ್ ಅಲ್ಲ, ಸುತ್ತಲೂ ಮೆಟ್ಟಿಲುಗಳಿದ್ದ ಭಾರಿ ಉರುಳೆ. ಕೈದಿಗಳು ಸಾಲಾಗಿ ನಿಂತು, ಎದುರಿನ ಅಡ್ಡಗಂಬಿ ಹಿಡಿದು, ಹತ್ತುತ್ತಲೇ ಇರಬೇಕು. ಮೆಟ್ಟಿಲು ಕಾಲ ಕೆಳಗೆ ಜಾರುತ್ತಲೇ ಇರುತ್ತದೆ. ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಗೆ 1821ರಲ್ಲಿ ಬಂದ ಉರುಳೆ ಹಿಟ್ಟು ಬೀಸುತ್ತಿತ್ತು. ಬೇರೆ ಎಷ್ಟೋ ಸೆರೆಮನೆಗಳಲ್ಲಿ ಅದಕ್ಕೆ ಬೀಸಲು ಕಾಳೂ ಇರಲಿಲ್ಲ, ಎತ್ತಲು ನೀರೂ ಇರಲಿಲ್ಲ, ಸುಮ್ಮನೆ ತಿರುಗುತ್ತಿತ್ತು. ಅನೇಕ ಕಡೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹಲಗೆಯ ತಡೆ, ಮಾತಾಡಲು ನಿಷೇಧ. 1895ರಲ್ಲಿ ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದ ಆಸ್ಕರ್ ವೈಲ್ಡ್ ಕೂಡ ಅದನ್ನು ಹತ್ತಬೇಕಾಯಿತು. ಇದು ತೀರಾ ಅಮಾನುಷ ಎಂಬ ಅಭಿಪ್ರಾಯ ಬಲಿತು, 1898ರ ಕಾರಾಗೃಹ ಕಾಯ್ದೆಯ ನಂತರ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು.

ನ್ಯೂಯಾರ್ಕಿನ ಸೆರೆಮನೆಗೂ 1822ರಲ್ಲಿ ಈ ಯಂತ್ರ ಹೋಗಿತ್ತು. ಎರಡು ವರ್ಷದ ಬಳಿಕ ಜೇಮ್ಸ್ ಹಾರ್ಡಿ ಎಂಬುವರು ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಕೈದಿಗಳಿಗೆ ಇದರ ಬಗ್ಗೆ ಇದ್ದ ಭಯ ದೈಹಿಕ ಕಷ್ಟದಿಂದ ಬಂದದ್ದಲ್ಲ, ಎಂದಿಗೂ ಬದಲಾಗದ ಅದರ ಏಕತಾನತೆಯಿಂದ ಬಂದದ್ದು ಎಂದು ಅವರು ಗುರುತಿಸಿದ್ದಾರೆ. ಇನ್ನೂರು ವರ್ಷ ಹಳೆಯ ಈ ಗ್ರಹಿಕೆ ಇಂದಿಗೂ ಸುಳ್ಳಾಗಿಲ್ಲ. ಟ್ರೆಡ್‌ಮಿಲ್ ಬಿಟ್ಟವರಲ್ಲಿ 'ಕಷ್ಟವಾಯಿತು' ಎನ್ನುವವರಿಗಿಂತ 'ಬೋರಾಯಿತು' ಎನ್ನುವವರೇ ಹೆಚ್ಚು.

ಆ ಶಿಕ್ಷೆಯ ಸಾರವನ್ನು ಮೂರು ಸಂಗತಿಗಳಲ್ಲಿ ಹೇಳಬಹುದು. ಹತ್ತುವುದು, ಇಳಿಯುವುದು ಕೈದಿಯ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ. ಹತ್ತಿದ್ದರಿಂದ ಏನಾಯಿತು ಎಂಬುದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಮನುಷ್ಯರಿದ್ದರೂ ಒಡನಾಟ ಇರಲಿಲ್ಲ. ಈಗ ನಮ್ಮ ಮನೆಯ ಯಂತ್ರದತ್ತ ತಿರುಗಿ. ಡಾಕ್ಟರು ಗದರಿದರೆಂದೋ ಮಗಳು ಅಮೆರಿಕದಿಂದ ದುಡ್ಡು ಕಳಿಸಿದಳೆಂದೋ ತಂದದ್ದು. ಮೂರು ವಾರ ನಡೆದರೂ ತೂಕದ ಮುಳ್ಳು ಅಲ್ಲಾಡಲಿಲ್ಲ. ಹಿಂದಿನ ಬೆಡ್‌ರೂಮಿನಲ್ಲಿ, ಗೋಡೆಗೆ ಮುಖ ಮಾಡಿ, ಒಬ್ಬರೇ. ಇಚ್ಛೆ, ಫಲ, ಸಂಗ ಮೂರೂ ಇಲ್ಲದ ಈ ಏರ್ಪಾಡನ್ನು ಮನಸ್ಸು ಒಲ್ಲೆನೆಂದರೆ ಅದು ಮನಸ್ಸಿನ ಆರೋಗ್ಯದ ಲಕ್ಷಣವೇ ಸರಿ.

ಇದೇ ಯಂತ್ರದ ಮೇಲೆ ಯಾರಿಗೂ ಬೇಸರ ಬಾರದ ಒಂದು ಸಂದರ್ಭವಿದೆ. ಎದೆನೋವೆಂದು ಹೋದವರಿಗೆ ಹೃದ್ರೋಗ ತಜ್ಞರು ಬರೆದುಕೊಡುವ 'ಟಿಎಂಟಿ', ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ಅದು. ಅಮೆರಿಕದ ಸಿಯಾಟಲ್‌ನಲ್ಲಿದ್ದ ವೈದ್ಯ ರಾಬರ್ಟ್ ಬ್ರೂಸ್ 1963ರಲ್ಲಿ ಅದಕ್ಕೆ ಕೊಟ್ಟ ಕ್ರಮವನ್ನೇ ಜಗತ್ತಿನ ಬಹುತೇಕ ಆಸ್ಪತ್ರೆಗಳು ಇಂದಿಗೂ ಅನುಸರಿಸುತ್ತವೆ. ಶೇ 10ರ ಏರಿನಲ್ಲಿ ಗಂಟೆಗೆ ಸುಮಾರು 2.7 ಕಿಲೋಮೀಟರ್ ವೇಗದಿಂದ ಆರಂಭ; ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತ ಹೋಗುತ್ತದೆ. ಎದೆಗೆ ವೈರು ಅಂಟಿಸಿಕೊಂಡು ಏದುಸಿರು ಬಿಡುವವನಿಗೆ ಇದು ಯಾಕಾಗಿ ಎಂಬುದು ಗೊತ್ತು, ಯಾವಾಗ ಮುಗಿಯುತ್ತದೆ ಎಂಬುದು ಗೊತ್ತು, ಪಕ್ಕದಲ್ಲಿ 'ಇನ್ನೊಂದು ನಿಮಿಷ, ಆಗುತ್ತಾ ಸರ್?' ಎಂದು ಕೇಳುವವರಿದ್ದಾರೆ. ಬೆಲ್ಟ್ ಅದೇ, ಕಾಲೂ ಅವೇ. ಸುತ್ತಲಿನ ಏರ್ಪಾಡು ಬದಲಾದಾಗ ಅನುಭವವೂ ಬದಲಾಯಿತು.

ಯಂತ್ರ ಮನೆಗೆ ಬಂದ ಬಗೆಯಲ್ಲೂ ಒಂದು ಪಾಠವಿದೆ. ಕೆನೆತ್ ಕೂಪರ್ ಎಂಬ ವೈದ್ಯರು 1968ರಲ್ಲಿ 'ಏರೋಬಿಕ್ಸ್' ಎಂಬ ಪುಸ್ತಕ ಬರೆದು, ಓಟ ಮತ್ತು ನಡಿಗೆ ಹೃದಯಕ್ಕೆ ಮಾಡುವ ಉಪಕಾರವನ್ನು ಜನಸಾಮಾನ್ಯರಿಗೆ ತಿಳಿಸಿದರು. ಅದನ್ನು ಓದಿದ ನ್ಯೂಜೆರ್ಸಿಯ ಮೆಕ್ಯಾನಿಕಲ್ ಎಂಜಿನಿಯರ್ ವಿಲಿಯಂ ಸ್ಟೌಬ್‌ಗೆ ಮನೆಯಲ್ಲಿಟ್ಟುಕೊಳ್ಳುವಷ್ಟು ಅಗ್ಗದ ಟ್ರೆಡ್‌ಮಿಲ್ ಯಾಕಿಲ್ಲ ಎಂಬ ಪ್ರಶ್ನೆ ಹುಟ್ಟಿತು. ಚಳಿ ಮಳೆಯ ದಿನಗಳಲ್ಲೂ ಓಡುವುದಕ್ಕೆ ಅನುಕೂಲವಾಗಲೆಂದು ಅವರು ತಯಾರಿಸಿದ 'ಪೇಸ್‌ಮಾಸ್ಟರ್ 600' ಮನೆಬಳಕೆಯ ಮೊದಲ ಟ್ರೆಡ್‌ಮಿಲ್‌ಗಳಲ್ಲೊಂದು. ಸ್ಟೌಬ್ 2012ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಮನಿಸಬೇಕಾದ್ದು ಇಷ್ಟು: ಆ ಯಂತ್ರ ನಿವಾರಿಸಲು ಹೊರಟದ್ದು ಹವಾಮಾನ ಎಂಬ ಹೊರಗಿನ ಅಡ್ಡಿಯನ್ನು. ಒಳಗಿನ ಬೇಸರವನ್ನು ನೀಗಿಸುತ್ತೇನೆಂದು ಅದು ಮಾತು ಕೊಟ್ಟಿರಲಿಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೊರಗೆ ನಡೆಯಲು ನನಗಿರುವ ಅಡ್ಡಿ ಯಾವುದು? ಮಲೆನಾಡಿನ, ಕರಾವಳಿಯ ಬಿಡದ ಮಳೆ, ಬೆಂಗಳೂರಿನ ಕಿತ್ತುಹೋದ ಫುಟ್‌ಪಾತ್, ಬೀದಿನಾಯಿ, ರಾತ್ರಿಪಾಳಿ, ಬೆಳಗಿನ ಜಾವ ಒಂಟಿ ಹೆಣ್ಣು ಹೊರಗೆ ಕಾಲಿಡಲಾಗದ ಬೀದಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋಗಲಾಗದ ಸ್ಥಿತಿ ಇವೆಲ್ಲ ನಿಜವಾದ ಅಡ್ಡಿಗಳು. ಯಂತ್ರ ಇವನ್ನು ನಿವಾರಿಸುತ್ತದೆ. ಉತ್ತರ 'ನಡೆಯುವುದೇ ಬೇಜಾರು' ಎಂದಾದರೆ ಯಂತ್ರ ಆ ಬೇಜಾರನ್ನು ಇಮ್ಮಡಿ ಮಾಡುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ದಾರಿಯಲ್ಲಿ ಮರ, ಮನೆ, ಮುಖಗಳಾದರೂ ಇದ್ದವು.

ದುಡ್ಡು ಸುರಿದರೆ ಮನಸ್ಸು ತಾನಾಗಿ ದಾರಿಗೆ ಬರುತ್ತದೆ ಎಂಬ ಲೆಕ್ಕಾಚಾರವೂ ನಂಬತಕ್ಕದ್ದಲ್ಲ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್ ಸದಸ್ಯರ ಹಾಜರಾತಿಯನ್ನು ಜಾಲಾಡಿ 2006ರಲ್ಲಿ ವರದಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದದ್ದು ಸರಾಸರಿ ನಾಲ್ಕು ಚಿಲ್ಲರೆ ಸಲ. ಅಂದರೆ ಒಂದು ಭೇಟಿಗೆ ಅವರು ತೆತ್ತದ್ದು ಸುಮಾರು 17 ಡಾಲರ್. ಬಿಡಿ ಪಾಸ್ ಕೊಂಡಿದ್ದರೆ 10 ಡಾಲರಿಗೆ ಮುಗಿಯುತ್ತಿತ್ತು. ನಾಳೆಯ ತಾವು ಇಂದಿನ ತಮಗಿಂತ ಶಿಸ್ತಿನವರಾಗಿರುತ್ತೇವೆ ಎಂಬ ಭ್ರಮೆಗೆ ಅವರು ಕಟ್ಟಿದ ಕಂದಾಯ ಅದು. ಟ್ರೆಡ್‌ಮಿಲ್ಲಿನಲ್ಲಿ ಈ ಕಂದಾಯವನ್ನು ಒಂದೇ ಕಂತಿಗೆ ಕಟ್ಟುತ್ತೇವೆ, ಇಲ್ಲವೇ ಇಎಂಐ ಮಾಡಿಸಿ ಯಂತ್ರ ನಿಂತ ಮೇಲೂ ಕಟ್ಟುತ್ತಿರುತ್ತೇವೆ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆಗೆ ಯಂತ್ರ ಸಿಗುತ್ತದೆ. ಎರಡು ತಿಂಗಳು ಬಾಡಿಗೆಗೆ ತಂದು ನೋಡಿ, ಬಳಸಿದರೆ ಕೊಳ್ಳುವುದು ವಿವೇಕ.

ಹಿಂದಿನವರಿಗೆ ನಮಗಿಂತ ಮನೋಬಲ ಹೆಚ್ಚಿತ್ತು ಎಂಬ ಮಾತನ್ನೂ ಇಲ್ಲಿ ಪರಿಶೀಲಿಸಬೇಕು. ಬಾವಿಯಿಂದ ನೀರು ಸೇದಿದವರು, ಒರಳಲ್ಲಿ ಹಿಟ್ಟು ರುಬ್ಬಿದವರು, ಹೊಲಕ್ಕೆ ಹರದಾರಿ ನಡೆದವರು ಅದನ್ನು ವ್ಯಾಯಾಮವೆಂದು ಮಾಡಲಿಲ್ಲ. ಮಾಡದೆ ಊಟವಿರಲಿಲ್ಲ, ಅಷ್ಟೇ. ಜೆರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯವಿಜ್ಞಾನಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಕೂತು ಬಸ್ ಓಡಿಸುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಕಂಡಕ್ಟರುಗಳು ಹೆಚ್ಚು ಛಲವಂತರಾಗಿದ್ದರು ಎಂದಲ್ಲ. ಮೆಟ್ಟಿಲು ಅವರ ಕೆಲಸದೊಳಗೇ ಇತ್ತು. ಇಂದಿನ ಮನೆ, ಕಚೇರಿಗಳಿಂದ ಆ ಮೆಟ್ಟಿಲನ್ನು ತೆಗೆದುಹಾಕಿದ್ದೇವೆ. ಅದನ್ನು ಮತ್ತೆ ದಿನಚರಿಯೊಳಕ್ಕೆ ಕಟ್ಟಿ ನಿಲ್ಲಿಸುವುದು ಹೇಗೆ ಎಂಬುದೇ ನಮ್ಮ ಮುಂದಿನ ಪ್ರಶ್ನೆ.

ಮೊದಲನೆಯದು ಜಾಗ. ಯಂತ್ರ ಮನೆಗೆ ಬಂದ ದಿನ ಎಲ್ಲರೂ ಯೋಚಿಸುವುದು ಅದು ಎಲ್ಲಿ ಅಡ್ಡವಾಗುವುದಿಲ್ಲ ಎಂದು. ಸ್ಟೋರ್ ರೂಮು, ತಾರಸಿಯ ಶೀಟಿನ ಕೊಠಡಿ, ಬಾಲ್ಕನಿಯ ಮೂಲೆ. ಯಾರಿಗೂ ಅಡ್ಡವಾಗದ ಜಾಗವೆಂದರೆ ಯಾರೂ ಸುಳಿಯದ ಜಾಗ. ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. ದಿನವೂ ಕಣ್ಣಿಗೆ ಬೀಳುವ, ಗಾಳಿ ಬೆಳಕಿರುವ ಜಾಗವೇ ಅದಕ್ಕೆ ಸರಿ; ಹಾಲ್‌ನಲ್ಲಿ ಕಿಟಕಿಯ ಪಕ್ಕ ಸಿಕ್ಕರೆ ಉತ್ತಮ. ಮಡಚಿಡಬಹುದು ಎಂಬುದು ಅಂಗಡಿಯವರು ಹೇಳುವ ದೊಡ್ಡ ಗುಣ. ಆದರೆ ಮಡಚಿ ಗೋಡೆಗೆ ಒರಗಿಸಿದ ಯಂತ್ರವನ್ನು ಪ್ರತಿದಿನ ಬಿಚ್ಚುವವರು ವಿರಳ. ಸೋಫಾ ಒಂದನ್ನು ಆಚೆ ಹಾಕಿಯಾದರೂ ಅದನ್ನು ಬಿಚ್ಚಿಯೇ ಇಡಿ. ಅದಕ್ಕೂ ಜಾಗವಿಲ್ಲದ ಮನೆಗೆ ಟ್ರೆಡ್‌ಮಿಲ್ ಬೇಡ.

ಎರಡನೆಯದು ಕರೆಂಟು. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಎರಡು ಅಶ್ವಶಕ್ತಿಯ ಮೋಟರು ಪೂರ್ತಿ ಹೊರೆಯಲ್ಲಿ 1,500 ವಾಟಿನ ಹತ್ತಿರ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು ಆರೂವರೆ ಆಂಪಿಯರ್. ಫೋನು ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿಗೆ ಇದು ಮೀರಿದ ಭಾರ. ಗೀಸರಿಗೆ ಇರುವಂಥ ಹದಿನಾರು ಆಂಪಿಯರಿನ ದೊಡ್ಡ ಪವರ್ ಪ್ಲಗ್ ಬೇಕು, ಅರ್ಥಿಂಗ್ ಸರಿಯಿರಬೇಕು, ನಡುವೆ ಎಕ್ಸ್‌ಟೆನ್ಷನ್ ಬಾಕ್ಸ್ ಇರಬಾರದು. ದೀಪ, ಫ್ಯಾನಿಗೆಂದು ಇಟ್ಟ ಇನ್ವರ್ಟರ್ ಇದನ್ನು ತಾಳುವುದಿಲ್ಲ. ಕೊಳ್ಳುವಾಗ ಮೋಟರಿನ 'ಪೀಕ್' ಶಕ್ತಿಯ ಅಂಕಿಗೆ ಮರುಳಾಗದೆ, ಎಡೆಬಿಡದೆ ಕೊಡುವ ಶಕ್ತಿ ಎಷ್ಟು ಎಂದು ಕೇಳಿ. ಬೆಲ್ಟಿನ ಕೆಳಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡದಿದ್ದರೆ ತಿಕ್ಕಾಟ ಹೆಚ್ಚಿ ಮೋಟರು ಬಿಸಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕದಿದ್ದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಇವೆಲ್ಲ ಚಿಲ್ಲರೆ ಸಂಗತಿಗಳಂತೆ ಕಾಣಬಹುದು. ಆದರೆ ಪ್ಲಗ್ ಸುಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡಿಸದೆ ಬಿಟ್ಟವರು ಕೊನೆಗೆ ದೂರುವುದು ತಮ್ಮ ಸೋಮಾರಿತನವನ್ನೇ.

ಮೂರನೆಯದು ಸುರಕ್ಷತೆ. ಬೆಲ್ಟಿನ ಹಿಂದೆ ಎರಡು ಮೀಟರಿನಷ್ಟು ಜಾಗ ಖಾಲಿಯಿರಬೇಕು. ಎಡವಿ ಹಿಂದಕ್ಕೆ ಬಿದ್ದರೆ ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳುವ ಅಪಾಯ ಆಗ ತಪ್ಪುತ್ತದೆ. ಅಮೆರಿಕದಲ್ಲಿ ಪೆಲೊಟನ್ ಕಂಪನಿ 2021ರ ಮೇ ತಿಂಗಳಲ್ಲಿ ತನ್ನ 'ಟ್ರೆಡ್ ಪ್ಲಸ್' ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಒಂದು ಮಗುವಿನ ಸಾವು ಮತ್ತು 70ಕ್ಕೂ ಹೆಚ್ಚು ಅವಘಡಗಳ ವರದಿಯ ನಂತರ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಬೆಲ್ಟು ತನ್ನ ಹಿಂಬದಿಯ ಅಡಿಗೆ ಸೆಳೆದುಕೊಂಡ ಪ್ರಕರಣಗಳು ಅವುಗಳಲ್ಲಿದ್ದವು. ಮಕ್ಕಳಿರುವ ಮನೆಯಲ್ಲಿ ಇಳಿದ ಕೂಡಲೇ ಸೇಫ್ಟಿ ಕೀ ತೆಗೆದು ಮೇಲಿಡಬೇಕು, ಸ್ವಿಚ್ ಆರಿಸಬೇಕು. ನಡೆಯುವಾಗ ಆ ಕೀಯ ದಾರದ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು. ಸೀರೆಯ ಸೆರಗು, ಉದ್ದನೆಯ ದುಪಟ್ಟಾ, ನೆಲ ಮುಟ್ಟುವ ಲುಂಗಿ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು.

ಇಷ್ಟಾದರೆ ಯಂತ್ರ ಸಿದ್ಧ. ಇನ್ನು ಇಚ್ಛೆಯ ಮಾತು. ನಮ್ಮಲ್ಲಿ ವ್ಯಾಯಾಮಕ್ಕೆ ಹಚ್ಚುವ ಹಳೆಯ ಉಪಾಯ ಭಯ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಮಾಡಿಸಿಕೊಂಡದ್ದು ಒಳ್ಳೆಯದೇ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆತನದಲ್ಲಿ ಹೃದ್ರೋಗ ಇರುವವರು ವೈದ್ಯರನ್ನು ಕಾಣದೆ ಟ್ರೆಡ್‌ಮಿಲ್ ಮೇಲೆ ಓಡತೊಡಗುವುದು ಸಾಹಸವಲ್ಲ, ದುಡುಕು. ಆದರೆ ಭಯ ಮನುಷ್ಯನನ್ನು ಆಸ್ಪತ್ರೆಯ ಬಾಗಿಲಿನವರೆಗೆ ಕರೆದೊಯ್ದೀತೇ ವಿನಾ ದಿನಾ ಬೆಳಗ್ಗೆ ಬೆಲ್ಟ್ ಹತ್ತಿಸದು.

ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ವಿದ್ಯಾರ್ಥಿಗಳ ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಓದಿಸಿದರು. ಮೂರನೆಯ ಗುಂಪಿಗೆ ಅದನ್ನು ಓದಿಸಿದ್ದಲ್ಲದೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಎಂದು ಬರೆಸಿಕೊಂಡರು. ಮೊದಲೆರಡು ಗುಂಪುಗಳಲ್ಲಿ ವ್ಯಾಯಾಮ ಮಾಡಿದವರು ಶೇ 40ನ್ನೂ ಮುಟ್ಟಲಿಲ್ಲ. ಮೂರನೆಯದರಲ್ಲಿ ಶೇ 91. ಓದಿಸಿದ ಭಯದಿಂದ ಆಗದ್ದು ಬರೆದಿಟ್ಟ ಹೊತ್ತಿನಿಂದ ಆಯಿತು. 'ನಾಳೆಯಿಂದ ನಡೀತೀನಿ' ಎಂಬುದು ಬರಿಯ ಆಸೆ. 'ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶೂ ಹಾಕಿಕೊಳ್ಳುತ್ತೇನೆ' ಎಂಬುದು ಏರ್ಪಾಡು. ಕಾಫಿ ತಪ್ಪದ ಮನೆಯಲ್ಲಿ ಅದೂ ತಪ್ಪುವುದಿಲ್ಲ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ ಕಂಡದ್ದು ಬೇರೆ. ಹೊಸ ಅಭ್ಯಾಸ ಬೇರೂರಲು ಸುಮಾರು 66 ದಿನ ಬೇಕು. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಬಹುದು ಎಂದು ಅವರು ಲೆಕ್ಕ ಹಾಕಿದರು. ನಡುವೆ ಒಂದು ದಿನ ತಪ್ಪಿದರೆ ನಷ್ಟವೇನೂ ಇಲ್ಲ ಎಂಬುದೂ ಅದೇ ಅಧ್ಯಯನದಲ್ಲಿತ್ತು. ಮದುವೆ, ಮುಂಜಿ, ಜಾತ್ರೆ, ತಿಥಿ ಎಂದು ತಿಂಗಳಿಗೆ ನಾಲ್ಕು ಸಲ ಊರಿಗೆ ಓಡುವ ನಮ್ಮಂಥವರು ನೆನಪಿಡಬೇಕಾದ ಮಾತಿದು. ವ್ರತ ಕೆಟ್ಟಿತೆಂದು ಕೈಚೆಲ್ಲುವ ಅಗತ್ಯವಿಲ್ಲ.

ಆದರೆ ಹಬ್ಬದ ರಜೆ ಉದ್ದವಾದರೆ ಎಚ್ಚರ ಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಿಕೆಯನ್ನು ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದ್ದರು. ಆರಂಭದಲ್ಲಿ ಆ ಗುಂಪಿನವರು ಉಳಿದವರಿಗಿಂತ ಶೇ 51ರಷ್ಟು ಹೆಚ್ಚು ಸಲ ಜಿಮ್ಮಿಗೆ ಹೋದರು. ನವೆಂಬರಿನ ಹಬ್ಬದ ರಜೆ ಬಂದು ಹೋದ ಮೇಲೆ ಆ ಉತ್ಸಾಹ ಇಳಿದುಹೋಯಿತು. ನಮ್ಮಲ್ಲಿ ದಸರೆ, ದೀಪಾವಳಿ ಮಾಡುವ ಕೆಲಸವೂ ಅದೇ. ಎರಡು ಪಾಠ ಇಲ್ಲಿವೆ. ಇಷ್ಟವಾದದ್ದೊಂದನ್ನು ಬೆಲ್ಟಿಗೇ ಮೀಸಲಿಡಿ. ತಾಳಮದ್ದಲೆಯ ಪ್ರಸಂಗವೋ, ಹಳೆಯ ರೇಡಿಯೊ ನಾಟಕವೋ, ನಿತ್ಯದ ಧಾರಾವಾಹಿಯೋ ಇರಲಿ, ನಡೆಯುತ್ತಲೇ ಕೇಳಬೇಕು, ಸೋಫಾದಲ್ಲಿ ಕೂತು ಮುಂದುವರಿಸಬಾರದು. ಮತ್ತೆ, ರಜೆ ಮುಗಿದ ಮಾರನೆಯ ದಿನಕ್ಕೆ ಹೊತ್ತು ಗೊತ್ತುಮಾಡಿಯೇ ಊರಿಗೆ ಹೊರಡಿ.

ಫಲದ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ತೂಕದ ಯಂತ್ರ. 65 ಕಿಲೋ ತೂಗುವವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಕರಗುವುದು ಹೆಚ್ಚುಕಡಿಮೆ 120 ಕ್ಯಾಲೊರಿ. ಒಂದು ಮಸಾಲೆ ದೋಸೆ ಆ ಲೆಕ್ಕವನ್ನು ಚುಕ್ತಾ ಮಾಡಿ ಮೇಲೆ ಸಾಲವನ್ನೂ ಹೊರಿಸುತ್ತದೆ. ತೂಕ ಇಳಿಸಲೆಂದೇ ಹತ್ತಿದವರು ನಿರಾಶರಾಗಿ ಇಳಿಯುವುದು ಹೀಗೆ. ನಡಿಗೆಯ ನಿಜವಾದ ಗಳಿಕೆ ಬೇರೆ ಕಡೆ ಇದೆ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನರಿಗೆ ಅದರ ಹೊಸ್ತಿಲಿನ ಸ್ಥಿತಿ ಇದೆಯೆಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ಇಂಥವರಿಗೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಿಂದ 2016ರಲ್ಲಿ ಬಂದ ಅಧ್ಯಯನವೊಂದು ತುಂಬ ಉಪಯುಕ್ತ. ಮಧುಮೇಹಿಗಳು ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಮೂರು ಹೊತ್ತಿನ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆಯಿತ್ತು. ರಾತ್ರಿಯೂಟದ ಬಳಿಕ ಈ ವ್ಯತ್ಯಾಸ ಇನ್ನೂ ಹೆಚ್ಚು.

ಮನೆಯ ಟ್ರೆಡ್‌ಮಿಲ್ ಪಾರ್ಕನ್ನೂ ಜಿಮ್ಮನ್ನೂ ಮೀರಿಸುವುದು ಇಲ್ಲಿಯೇ. ರಾತ್ರಿ ಒಂಬತ್ತಕ್ಕೆ ಅನ್ನ ಸಾರು ಉಂಡು ಯಾರೂ ಪಾರ್ಕಿಗೆ ಹೋಗುವುದಿಲ್ಲ, ಆದರೆ ಹಾಲ್‌ನಲ್ಲಿರುವ ಬೆಲ್ಟಿನ ಮೇಲೆ ಹತ್ತು ನಿಮಿಷ ನಿಧಾನವಾಗಿ ನಡೆಯಬಹುದು. ಗ್ಲುಕೋಮೀಟರ್ ಇರುವವರಿಗೆ ಫಲ ಅಂದೇ ಕಣ್ಣಿಗೆ ಕಾಣುತ್ತದೆ. ಇಲ್ಲದವರು ಉಸಿರನ್ನೇ ಅಳತೆಗೋಲು ಮಾಡಿಕೊಳ್ಳಲಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಇಂದು ಏದುಸಿರು ತರಿಸಿದ ವೇಗ ಕೆಲವು ವಾರಗಳಲ್ಲಿ ಸಲೀಸಾದರೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಡ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಗೂ ಹೆದರಬೇಕಿಲ್ಲ. ಅದು 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಉಪಕರಣವೊಂದರ ಮಾರಾಟದೊಂದಿಗೆ ಬಂದ ದುಂಡು ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಈ ಎರಡನೆಯದನ್ನು ಟ್ರೆಡ್‌ಮಿಲ್ ಕೊಡುವುದಿಲ್ಲ; ಬಸ್ಕಿ, ದಂಡ, ನೀರು ತುಂಬಿದ ಕೊಡ ಯಾವುದಾದರೂ ಆದೀತು.

ಮೂರನೆಯದಾದ ಸಂಗವನ್ನು ಯಂತ್ರ ಮಾರುವವರು ಎಂದೂ ಪ್ರಸ್ತಾಪಿಸುವುದಿಲ್ಲ. ನಮ್ಮ ಗರಡಿಮನೆಗಳಲ್ಲಿ ಸಾಮು ಒಬ್ಬಂಟಿ ಕೆಲಸವಾಗಿರಲಿಲ್ಲ. ಉಸ್ತಾದರಿದ್ದರು, ಓರಗೆಯವರಿದ್ದರು, ಒಂದು ದಿನ ಬಾರದಿದ್ದರೆ ಮಾರನೆಯ ದಿನ ಕೇಳುವವರಿದ್ದರು. ಇಂದಿನ ಪಾರ್ಕುಗಳ ಯೋಗದ ಗುಂಪು, ನಗೆಕೂಟ, ವಾಕಿಂಗ್ ಗೆಳೆಯರ ಬಳಗ ಉಳಿದಿರುವುದೂ ಇದೇ ಬಲದ ಮೇಲೆ. ಟ್ರೆಡ್‌ಮಿಲ್ ಕೊಂಡವರು ಅರಿಯದೆಯೇ ಈ ಬಳಗವನ್ನು ಬಿಟ್ಟುಕೊಡುತ್ತಾರೆ. ಮನೆಯೊಳಗೆ ಅದಕ್ಕೆ ಬದಲಿ ಹುಡುಕಬೇಕೆಂದರೆ ಮನೆಮಂದಿಯೇ ಬಳಗವಾಗಬೇಕು. ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ ನಡೆದವರು ತಮ್ಮ ಹೆಸರಿನ ಮುಂದೆ ಗುರುತು ಹಾಕಲಿ. ಗಂಡ ನಡೆಯುವಾಗ ಹೆಂಡತಿ ಪಕ್ಕದಲ್ಲಿ ಕೂತು ಮಾತಾಡಲಿ. ಹೆಂಡತಿ ನಡೆಯುವಾಗ ಗಂಡ ತರಕಾರಿ ಹೆಚ್ಚಲಿ.

ಈ ಕೊನೆಯ ಮಾತನ್ನು ತಮಾಷೆಗೆ ಬರೆದಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42, ಹೆಂಗಸರಲ್ಲಿ ಶೇ 57. 'ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಯಾಕೆ?' ಎನ್ನುವವರು ಗಮನಿಸಬೇಕು: ಆ ಲೆಕ್ಕದಲ್ಲಿ ಮನೆಗೆಲಸವೂ ಸೇರಿದೆ. ಗ್ಯಾಸ್ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ದಣಿವು ತರುತ್ತದೆ, ಕಾಲು ಊದಿಸುತ್ತದೆ. ಹೃದಯಕ್ಕೆ ಬೇಕಾದ ಒಂದೇ ಸಮನೆಯ ಬಿರುಸು ಅದರಲ್ಲಿಲ್ಲ. ದಣಿವನ್ನೇ ವ್ಯಾಯಾಮವೆಂದು ಕರೆದು ನಾವು ಅವರ ಹೊತ್ತನ್ನು ಅಷ್ಟೂ ನಮಗೇ ಬರೆದುಕೊಂಡಿದ್ದೇವೆ.

ಮನೆಯ ಟ್ರೆಡ್‌ಮಿಲ್ಲಿನಿಂದ ಹೆಚ್ಚು ಪ್ರಯೋಜನ ಆಗಬೇಕಾದ್ದು ಹೆಣ್ಣುಮಕ್ಕಳಿಗೇ. ಉಡುಪಿನ ಬಗ್ಗೆ ಯಾರ ಟೀಕೆಯೂ ಇಲ್ಲ, ಕತ್ತಲೆಯ ಭಯವಿಲ್ಲ, ಮಧ್ಯಾಹ್ನ ಎರಡು ಗಂಟೆಯ ಬಿಡುವಿನಲ್ಲೂ ನಡೆಯಬಹುದು. ಆದರೆ ಮನೆಯೊಳಗಿರುವ ಹೆಣ್ಣು ಸದಾ ಎಲ್ಲರ ಕೈಗೆಟುಕುವವಳು ಎಂಬುದೇ ಅಡ್ಡಿ. ಪಾರ್ಕಿಗೆ ಹೋದವಳನ್ನು ಯಾರೂ ಕರೆಯಲಾರರು. ಬೆಲ್ಟಿನ ಮೇಲಿರುವವಳನ್ನು ಕುಕ್ಕರ್ ಕೂಗುತ್ತದೆ, ಬಾಗಿಲ ಗಂಟೆ ಕರೆಯುತ್ತದೆ, 'ಅಮ್ಮಾ, ನನ್ನ ಐಡಿ ಕಾರ್ಡ್ ಎಲ್ಲಿ?' ಎಂದು ಮಗ ಕೇಳುತ್ತಾನೆ. ಪ್ರತಿ ಐದು ನಿಮಿಷಕ್ಕೆ ಇಳಿಯಬೇಕಾದವಳಿಗೆ ಯಾವ ಮನೋಬಲದ ಪಾಠ ಹೇಳೋಣ? ಆಕೆಯ ಅರ್ಧ ಗಂಟೆ ಆಕೆಯದೇ, ಆಗ ಕುಕ್ಕರ್ ಆರಿಸುವುದೂ ಬಾಗಿಲು ತೆರೆಯುವುದೂ ಬೇರೆಯವರ ಕೆಲಸ ಎಂದು ಮನೆ ಒಪ್ಪಿಕೊಳ್ಳದಿದ್ದರೆ ಎಷ್ಟು ದುಬಾರಿ ಯಂತ್ರ ತಂದರೂ ವ್ಯರ್ಥ. ಯಂತ್ರಕ್ಕೆ ಜಾಗ ಬಿಡುವುದು ಸುಲಭ, ಹೊತ್ತು ಬಿಡುವುದು ಕಷ್ಟ.

ಹಾಗಾದರೆ ಯಂತ್ರವೇ ಯಾಕೆ, ಹೊರಗೆ ನಡೆದರಾಗದೇ ಎಂಬ ಆಕ್ಷೇಪ ಉಳಿಯುತ್ತದೆ. ಖಂಡಿತ ಆದೀತು, ಆಗುವುದಾದರೆ ಅದೇ ಮೇಲು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ನಡೆದಾಡಿದ್ದು ಕ್ಯಾಲೊರಿ ಕರಗಿಸಲಿಕ್ಕಲ್ಲ. ಕೆರೆ, ಹಕ್ಕಿ, ಬೆಳಕುಗಳನ್ನು ಯಾವ ಪರದೆಯೂ ಕೊಡಲಾರದು. ಲಾಲ್‌ಬಾಗಿನ ಹತ್ತಿರ ಇರುವವರು, ಹುಬ್ಬಳ್ಳಿಯ ಉಣಕಲ್ ಕೆರೆಯ ಪಕ್ಕದಲ್ಲಿರುವವರು ಯಂತ್ರಕ್ಕೆ ದುಡ್ಡು ಹಾಕುವುದು ಅನಗತ್ಯ. ನಡೆಯಲು ಯೋಗ್ಯವಾದ ಫುಟ್‌ಪಾತನ್ನು ನಗರಸಭೆಯಿಂದ ಕೇಳಿ ಪಡೆಯುವುದನ್ನು ಬಿಟ್ಟು ಎಲ್ಲರೂ ಮನೆಯೊಳಗೊಂದು ಖಾಸಗಿ ಫುಟ್‌ಪಾತ್ ಕೊಳ್ಳುವುದು ಸಮಾಜದ ದೃಷ್ಟಿಯಿಂದ ಸೋಲೂ ಹೌದು. ಆದರೆ ಊರು ಸುಧಾರಿಸುವವರೆಗೆ ಹೃದಯ ಕಾಯುವುದಿಲ್ಲ. ಮಳೆಗಾಲಕ್ಕೆ ಯಂತ್ರ, ಬೇಸಿಗೆಗೆ ಬೀದಿ. ವಾರದ ದಿನಗಳಿಗೆ ಹಾಲ್, ಭಾನುವಾರಕ್ಕೆ ಕೆರೆ ಎಂದು ಎರಡನ್ನೂ ಹೊಂದಿಸಿಕೊಳ್ಳುವುದೇ ಕಾರ್ಯಸಾಧ್ಯವಾದ ದಾರಿ.

ಟ್ರೆಡ್‌ಮಿಲ್ ಶಿಕ್ಷೆಯೂ ಅಲ್ಲ, ವರವೂ ಅಲ್ಲ. ಅದನ್ನು ಏನಾಗಿ ಮಾಡಿಕೊಳ್ಳುತ್ತೇವೆ ಎಂಬುದನ್ನು ಮನೆ ತೀರ್ಮಾನಿಸುತ್ತದೆ. ಇನ್ನೂ ಕೊಳ್ಳದವರು ಮೊದಲು ಮನೆಮಂದಿಯನ್ನು ಕೂರಿಸಿಕೊಂಡು, ಯಾರು ಯಾವ ಹೊತ್ತಿಗೆ ನಡೆಯುತ್ತಾರೆ, ಆಗ ಅವರ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಗೊತ್ತುಮಾಡಿಕೊಳ್ಳಿ. ಆ ಮಾತುಕತೆ ನಡೆಯದಿದ್ದರೆ ಅಂಗಡಿಗೆ ಹೋಗಬೇಡಿ. ಈಗಾಗಲೇ ಕೊಂಡು ನಿಲ್ಲಿಸಿದವರು ನಿಮ್ಮನ್ನು ನೀವೇ ಹಳಿದುಕೊಳ್ಳುವುದನ್ನು ಬಿಡಿ. ಯಂತ್ರವನ್ನು ಹಾಲ್‌ಗೆ ತನ್ನಿ, ಪವರ್ ಪ್ಲಗ್ ಸರಿಮಾಡಿಸಿ, ಇವತ್ತು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ ಅದು ಒಗ್ಗದಿದ್ದರೆ, ಹಳಹಳಿಕೆಯಿಲ್ಲದೆ ಮಾರಿಬಿಡಿ. ಬಂದ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ ಕೊಂಡು, ನಡೆಯುವ ಗೆಳೆಯರನ್ನು ಹುಡುಕಿಕೊಳ್ಳಿ.